ಹೊಳೆಯಿಲ್ಲದ ತೀರ್ಥ

ನಾಗರಿಕತೆಗಳು ನದಿ ದಂಡೆಯಲ್ಲಿ ಹುಟ್ಟಿದವು ಎಂಬ ಪಾಠ ಓದಿಕೊಂಡು ಬಂದ ಕೊಪ್ಪಳದ ಹುಡುಗನೊಬ್ಬ ‘ಹಂಗಾರ ನಮ್ಮೂರ ಹೊಳಿ ಎಲ್ಲೈತಿ?’ ಎಂದು ಕೇಳಿದರೆ ಮನೆಯವರು ಉತ್ತರಕ್ಕೆ ತಡಕಾಡಬೇಕು. ತುಂಗಭದ್ರೆ ದಕ್ಷಿಣಕ್ಕೆ, ಮುನಿರಾಬಾದಿನ ಕಡೆಯಿಂದ ಹಾದು ಹೋಗುತ್ತಾಳೆ. ಕೃಷ್ಣೆ ಉತ್ತರಕ್ಕೆ, ಜಿಲ್ಲೆಯ ಗಡಿಯಾಚೆಗೆ. ಊರಿನ ಸುತ್ತ ಇರುವುದು ಬೋಳು ಗುಡ್ಡ, ಗುಂಡುಕಲ್ಲು, ಮಳೆ ಬಿದ್ದರೆ ಮೈದುಂಬಿ ಮಳೆ ನಿಂತರೆ ಮರಳಾಗುವ ಹಳ್ಳ. ಆದರೂ ಸಾವಿರ ವರ್ಷದ ಹಿಂದಿನ ಶಾಸನಗಳಿಗೆ ಈ ಊರು ‘ಕೊಪಣ ಮಹಾತೀರ್ಥ’.

ತೀರ್ಥ ಎಂದರೆ ಇವತ್ತು ಗುಡಿಯಲ್ಲಿ ಅಂಗೈಗೆ ಬೀಳುವ ನೀರು. ಮೂಲದಲ್ಲಿ ಅದು ಹೊಳೆ ದಾಟುವ ಜಾಗ, ಅಂದರೆ ಕಡವು. ಸಂಸಾರವೆಂಬ ಹೊಳೆಗೆ ಕಡವು ಮಾಡಿಕೊಟ್ಟವನು ತೀರ್ಥಂಕರ. ಜೈನರು ಕೊಪಣಕ್ಕೆ ಆ ಹೆಸರು ಕೊಟ್ಟದ್ದು ಅಧ್ಯಾತ್ಮದ ಅರ್ಥದಲ್ಲೇ, ಅದರಲ್ಲಿ ಅನುಮಾನವಿಲ್ಲ. ಆದರೆ ಹೆಸರು ನೆಲದ ಮಟ್ಟಿಗೂ ಸುಳ್ಳಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳೆಯ ಚರಿತ್ರೆಯೆಲ್ಲ ದಾಟುವ ಜಾಗಗಳ ಚರಿತ್ರೆ. ದಾಟಿದ್ದು ಕೆಲವೊಮ್ಮೆ ಹೊಳೆ, ಹೆಚ್ಚಿನ ಸಲ ಒಣ ನೆಲ.

ಈ ಸೀಮೆಯ ಮಣ್ಣು ಒಂದೇ ಬಗೆಯದಲ್ಲ. ಯಲಬುರ್ಗಾದ ಕಡೆ ಎರೆಭೂಮಿ. ಹಿಂಗಾರಿ ಜೋಳ, ಕಡಲೆ, ಹತ್ತಿಯ ನೆಲ. ಕುಷ್ಟಗಿಯ ಕಡೆ ಹೋದರೆ ಮಸಾರಿ. ಮುಂಗಾರಿಗೆ ಸಜ್ಜೆ, ಹುರುಳಿ. ಗಂಗಾವತಿಯ ಕಡೆ ಹೊಳೆಸಾಲಿನ ಗದ್ದೆ, ಅದರ ಬೆನ್ನಿಗೇ ಹೆಬ್ಬಂಡೆಗಳ ಗುಡ್ಡ. ಒಬ್ಬರ ಕಣದಲ್ಲಿ ರಾಶಿ ನಡೆದಾಗ ಇನ್ನೊಬ್ಬರ ಹಗೇವು ಖಾಲಿ. ಎರೆಯವನಿಗೆ ಕಲ್ಲು, ಕಟ್ಟಿಗೆ, ಮೇವು ಬೇಕು. ಮಸಾರಿಯವನಿಗೆ ಜೋಳ ಬೇಕು. ಎಲ್ಲ ಕಡೆ ಎಲ್ಲವೂ ಬೆಳೆಯುವ ನೆಲದಲ್ಲಿ ಸಂತೆಯ ಅವಸರ ಇರುವುದಿಲ್ಲ. ಇಲ್ಲಿ ಒಂದೆರಡು ಹರದಾರಿಗೇ ಮಣ್ಣಿನ ಬಣ್ಣ ಬದಲಾಗುವುದರಿಂದ ಹೇರು ಹೊತ್ತ ಎತ್ತು ಹೊರಡಲೇಬೇಕು. ಅದು ನಡೆದು ನಡೆದು ಸವೆಸಿದ ಹಾದಿಯ ಮೇಲೆ ರಾಜ ಬಂದದ್ದು ಬಹಳ ತಡವಾಗಿ.

ಮೊದಲು ನಡೆದವರು ದನಗಾಹಿಗಳು. ಹೊಳೆಯಾಚೆ ಬಳ್ಳಾರಿ ಸೀಮೆಯ ಕುಡತಿನಿಯಲ್ಲಿ, ರಾಯಚೂರಿನ ಅನೇಕ ಕಡೆಗಳಲ್ಲಿ ಇರುವ ಬೂದಿಗುಡ್ಡಗಳು ನವಶಿಲಾಯುಗದವರ ದೊಡ್ಡಿಗಳಲ್ಲಿ ಸಗಣಿ ರಾಶಿ ಸುಟ್ಟು ಆದವು. ಆಮೇಲೆ ಕಬ್ಬಿಣದ ಕಾಲ. ಗಂಗಾವತಿಯಿಂದ ತುಸು ದೂರದ ಹಿರೇಬೆಣಕಲ್ಲಿನ ಗುಡ್ಡವನ್ನು ಹತ್ತಿದವರಿಗೆ ಆ ಕಾಲ ಕಣ್ಣೆದುರಿಗೇ ಸಿಗುತ್ತದೆ. ನೆಲಬಂಡೆಯಿಂದ ಸೀಳಿದ ಚಪ್ಪಡಿಗಳನ್ನು ಮೂರು ಕಡೆ ನಿಲ್ಲಿಸಿ, ಮೇಲೊಂದು ಹೊದಿಸಿ ಕಟ್ಟಿದ ಕಲ್ಲುಮನೆಗಳು. ಕೆಲವಕ್ಕೆ ದುಂಡನೆಯ ಕಿಂಡಿ. ಇಂಥವು ನಾನೂರರ ಸುಮಾರಿಗೆ ಇವೆ. ಸುತ್ತಿನ ಹಳ್ಳಿಗರಿಗೆ ಇದು ಮೊರೇರ ಗುಡ್ಡ; ಮೊರೇರೆಂಬ ಕುಳ್ಳರು ಬಾಳಿದ ಜಾಗವಂತೆ. ಕುಳ್ಳರು ಅಷ್ಟು ದೊಡ್ಡ ಚಪ್ಪಡಿ ಎತ್ತಿದ್ದು ಹೇಗೆ ಎಂದು ಕೇಳಿದರೆ ಕಥೆ ಹೇಳುವವರು ನಕ್ಕು ಸುಮ್ಮನಾಗುತ್ತಾರೆ. ಅಲ್ಲೊಂದು ಎತ್ತರದ ಗುಂಡಿನ ಮೇಲೆ ಅರ್ಧಗೋಲದ ಕಲ್ಲು ನಗಾರಿ ಇದೆ. ಬಡಿದರೆ ದನಿ ಗುಡ್ಡದ ಆಚೆಗೂ ಕೇಳುತ್ತದೆ. 2021ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ಈ ಜಾಗಕ್ಕೆ ಸುಮಾರು 2,500 ವರ್ಷ. ರಾಜ್ಯವೆಂಬುದು ಇಲ್ಲಿ ಕಣ್ಣು ಬಿಡುವ ಮೊದಲೇ ಸಾವಿರಾರು ಕೈಗಳನ್ನು ಒಂದು ಕೆಲಸಕ್ಕೆ ಕೂಡಿಸುವ ಶಕ್ತಿ ಈ ಕಲ್ಲುಸೀಮೆಯ ಜನಕ್ಕೆ ಇತ್ತು.

ಕಬ್ಬಿಣಕ್ಕಿಂತ ಹೆಚ್ಚಾಗಿ ದೂರದವರನ್ನು ಎಳೆದದ್ದು ಚಿನ್ನ.

ಇವತ್ತಿಗೂ ದೇಶದಲ್ಲಿ ಚಿನ್ನದ ಅದಿರು ದೊಡ್ಡ ಮಟ್ಟದಲ್ಲಿ ತೆಗೆಯುವ ಹಟ್ಟಿ ಇರುವುದು ಇಲ್ಲೇ ಪಕ್ಕದ ರಾಯಚೂರು ಜಿಲ್ಲೆಯಲ್ಲಿ. ಆಧುನಿಕ ಗಣಿಗಾರರು ಹಟ್ಟಿಯಲ್ಲಿ ಇಳಿದಾಗ ತಮಗಿಂತ ಮೊದಲೇ ಯಾರೋ 640 ಅಡಿ ಆಳದವರೆಗೆ ಇಳಿದಿದ್ದ ಗುರುತು ಸಿಕ್ಕಿತು. ಒಳಗೆ ಸಿಕ್ಕ ಕಟ್ಟಿಗೆಯ ವಯಸ್ಸು ಸುಮಾರು ಎರಡು ಸಾವಿರ ವರ್ಷ. ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ, ಬಿರುಕು ಬಿಡಿಸಿ ಅಗೆಯುತ್ತಿದ್ದರು. ಅಷ್ಟು ಆಳದ ಹೊಗೆಯಲ್ಲಿ ಉಸಿರು ಹಿಡಿದು ನಿಂತವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಹೆಸರು ಇರುವುದು ಅಶೋಕನದು. 1915ರಲ್ಲಿ ಮಸ್ಕಿಯ ಗುಡ್ಡದಲ್ಲಿ ಅವನ ಶಾಸನ ಕಂಡವನು ಚಿನ್ನದ ಜಾಡು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್. ‘ದೇವಾನಾಂಪಿಯ’ನೆಂಬ ಬಿರುದಿನ ಒಡೆಯ ಅಶೋಕನೇ ಎಂದು ಖಾತ್ರಿಯಾದದ್ದು ಆ ಶಾಸನದಿಂದ. 1931ರಲ್ಲಿ ಕೊಪ್ಪಳದಲ್ಲೇ ಎರಡು ಸಿಕ್ಕವು: ಒಂದು ಗವಿಮಠದ ಬೆಟ್ಟದಲ್ಲಿ, ಇನ್ನೊಂದು ಪಾಲಕಿಗುಂಡಿನಲ್ಲಿ. ಎರಡು ಬಂಡೆಗಳ ಮೇಲೆ ಪಲ್ಲಕ್ಕಿಯ ಮಾಡಿನಂತೆ ಚಪ್ಪಡಿ ಕೂತಿರುವುದಕ್ಕೇ ಆ ಹೆಸರು.

ಅಶೋಕನ ಶಾಸನಗಳನ್ನು ನಕ್ಷೆಯ ಮೇಲೆ ಗುರುತು ಹಾಕಿದರೆ ಒಂದು ಸಂಗತಿ ಥಟ್ಟನೆ ಕಣ್ಣಿಗೆ ಹೊಡೆಯುತ್ತದೆ. ಮಸ್ಕಿ, ಕೊಪ್ಪಳ, ಬಳ್ಳಾರಿಯ ನಿಟ್ಟೂರು, ಉಡೇಗೊಳಂ, ಚಿತ್ರದುರ್ಗದ ಬ್ರಹ್ಮಗಿರಿ, ಆಂಧ್ರದ ಎರ್ರಗುಡಿ: ದಕ್ಷಿಣದಲ್ಲಿ ಅವನ ಮಾತು ಒತ್ತೊತ್ತಾಗಿ ಕಾಣುವುದು ಈ ಚಿನ್ನದ ಸೀಮೆಯಲ್ಲಿ, ಅದರ ಹಾದಿಗಳಲ್ಲಿ. ಧರ್ಮ ಹೇಳಲು ಬಂದವನು ಚಿನ್ನವನ್ನೂ ನೋಡಿಕೊಂಡ ಎಂದರೆ ಅವನ ಧರ್ಮಕ್ಕೆ ಕುಂದಲ್ಲ. ಮಗಧದಂಥ ರಾಜ್ಯ ಬರೀ ಉಪದೇಶದಿಂದ ನಡೆಯುವುದಿಲ್ಲ. ಬ್ರಹ್ಮಗಿರಿಯ ಶಾಸನದಲ್ಲಿ ಸುವರ್ಣಗಿರಿಯಲ್ಲಿ ಕೂತ ರಾಜಕುಮಾರನ ಪ್ರಸ್ತಾಪವಿದೆ. ಆ ಸುವರ್ಣಗಿರಿ ನಮ್ಮ ಕನಕಗಿರಿಯೇ ಎಂದು ಕೆಲವರು, ಅಲ್ಲ, ಎರ್ರಗುಡಿ ಪಕ್ಕದ ಜೊನ್ನಗಿರಿ ಎಂದು ಹಲವರು. ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಎಂದು ಗಾದೆ ಕಟ್ಟಿಕೊಂಡವರಿಗೆ ಈ ವಾದದಲ್ಲಿ ಪಕ್ಷ ಯಾವುದೆಂದು ಹೇಳಬೇಕಿಲ್ಲ. ಊರು ಯಾವುದಾದರೂ ಇರಲಿ, ಮೌರ್ಯರ ದಕ್ಷಿಣದ ಪೀಠಕ್ಕೆ ಚಿನ್ನದ ಹೆಸರಿತ್ತು ಎಂಬುದು ಮುಖ್ಯ.

ಬ್ರಹ್ಮಗಿರಿಯ ಆ ಬರಹವನ್ನು ಕೆತ್ತಿದವನು ಚಪಡ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದ ಈತ, ಕೊನೆಗೆ ತಾನು ಲಿಪಿಕಾರ ಎನ್ನುವ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದುಬಿಟ್ಟ. ಖರೋಷ್ಠಿ ಬಳಕೆಯಲ್ಲಿದ್ದದ್ದು ಗಾಂಧಾರದ ಕಡೆ, ಇವತ್ತಿನ ಪೇಶಾವರದ ಸುತ್ತ. ಅಷ್ಟು ದೂರದ ಲಿಪಿ ಕಲಿತ ಕೈಯೊಂದು ಚಿತ್ರದುರ್ಗದ ಬಂಡೆಯವರೆಗೆ ಬಂದಿತ್ತು ಎಂದರೆ ಹಾದಿ ಎಷ್ಟು ಉದ್ದವಿತ್ತು, ಎಷ್ಟು ಸಲೀಸಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮುಂದಿನ ಸಾವಿರ ವರ್ಷದಲ್ಲಿ ಒಡೆಯರು ಬದಲಾದರು, ಹಾದಿ ಬದಲಾಗಲಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳಿನ ನಾಡನ್ನು ಹೇಳುವಾಗ ನಾಲ್ಕು ಊರುಗಳನ್ನು ಎಣಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಈ ಮಾತನ್ನು ಕೊಪ್ಪಳದ ವೇದಿಕೆಗಳಲ್ಲಿ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಆದರೆ ಒಳ್ಳೆಯ ಕನ್ನಡ ಇಲ್ಲೇ ಏಕೆ ಹದಗೊಂಡಿತು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಕಿಸುವೊಳಲೆಂದರೆ ಪಟ್ಟದಕಲ್ಲು, ಅದರ ನೆರೆಯ ಐಹೊಳೆ ಐನೂರ್ವರೆಂಬ ವರ್ತಕರ ಸಂಘಕ್ಕೆ ಹೆಸರು ಕೊಟ್ಟ ಊರು. ಪುಲಿಗೆರೆ, ಈಗಿನ ಲಕ್ಷ್ಮೇಶ್ವರ, ಬಸದಿ ಗುಡಿಗಳ ದೊಡ್ಡ ಪಟ್ಟಣ. ಇವುಗಳ ನಡುವಿನ ಲಕ್ಕುಂಡಿಯಲ್ಲಿ ಟಂಕಸಾಲೆ ಇತ್ತು. ಲೊಕ್ಕಿ ಗದ್ಯಾಣ ದೂರದ ಊರುಗಳಲ್ಲೂ ಚಲಾವಣೆಯಾಗುತ್ತಿತ್ತು. ಕಂಡರಿಯದವರೊಂದಿಗೆ ದಿನವೂ ಲೆಕ್ಕ, ಸಾಲ, ದಾನ, ತಕರಾರು ನಡೆಸಬೇಕಾದ ಪೇಟೆಯಲ್ಲಿ ಮಾತಿಗೆ ಒಂದು ಅಳತೆ ಬೇಕಾಗುತ್ತದೆ. ಬಳ್ಳದ ಹಾಗೆ, ತಕ್ಕಡಿಯ ಹಾಗೆ. ಕವಿಗಳು ಹುರಿಮಾಡಿದ ಭಾಷೆಯನ್ನು ಅದಕ್ಕೂ ಮೊದಲು ವರ್ತಕರು, ಕರಣಿಕರು, ಬಸದಿಯ ಮುನಿಗಳು ತಿದ್ದಿದ್ದರು ಎನ್ನಲು ಅಂಜಬೇಕಿಲ್ಲ.

ಕೊಪಣದ ಹೆಸರು ಎಷ್ಟು ದೊಡ್ಡದಿತ್ತೆಂದರೆ ಹೊಯ್ಸಳರ ದಂಡನಾಯಕ ಗಂಗರಾಜ ಗಂಗವಾಡಿಯ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದ್ದನ್ನು ಹೊಗಳುವಾಗ ಶ್ರವಣಬೆಳಗೊಳದ ಶಾಸನ ಅದನ್ನು ಕೊಪಣಕ್ಕೆ ಹೋಲಿಸಿತು. ಬೆಳಗೊಳದವರೇ ಕೊಪಣವನ್ನು ಅಳತೆಗೋಲು ಮಾಡಿಕೊಂಡಿದ್ದರು.

ಈ ಪೇಟೆಯಿಂದ ಬೊಕ್ಕಸಕ್ಕೆ ಏನು ಬರುತ್ತಿತ್ತು? ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳು ಹೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ. ಎಲ್ಲವೂ ಸುಂಕದ ಬಾಬುಗಳು. ಇವನ್ನು ನೋಡಿಕೊಳ್ಳಲು ಬೇರೆಯೇ ಅಧಿಕಾರಿಗಳಿದ್ದರು. ಎಲೆಯ ಹೇರಿಗೆ ಇಷ್ಟು, ಅಡಕೆಯ ಹೇರಿಗೆ ಇಷ್ಟು ಎಂದು ಗುಡಿಗಳಿಗೂ ಪಾಲು ಹೋಗುತ್ತಿತ್ತು. 1112ರಲ್ಲಿ ಇಟಗಿಯಲ್ಲಿ ಮಹಾದೇವ ದೇವಾಲಯ ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ನೋಡಿದವರಾರೂ ಹೆಚ್ಚಾಯಿತು ಎಂದಿಲ್ಲ. ಬಳಪದ ಕಲ್ಲಿನ ಕಂಬಗಳು ಚರಕಿಗೆ ಹಿಡಿದು ಕಡೆದ ಹಾಗೆ ನುಣುಪು. ಮುಟ್ಟಿದರೆ ಬಿಸಿಲಲ್ಲೂ ತಣ್ಣಗೆ. ಇಟಗಿಯ ಸುತ್ತ ಇವತ್ತು ಕಾಣುವುದು ಜೋಳದ ಹೊಲ. ಬರೀ ಜೋಳದ ಹೊಲದ ಕಂದಾಯದಲ್ಲಿ ಇಂಥ ಗುಡಿ ಏಳುವುದಿಲ್ಲ. ಹತ್ತಿರದ ಕುಕನೂರಿನ ನವಲಿಂಗ ಗುಡಿಗಳು ಇದಕ್ಕಿಂತಲೂ ಹಳೆಯವು, ರಾಷ್ಟ್ರಕೂಟರ ಕಾಲದವು. ಅಂದರೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಈ ಒಣ ಪಟ್ಟಿಯಲ್ಲಿ ಹಣ ಓಡಾಡಿತ್ತು.

ಯಲಬುರ್ಗಾ ಆಗ ಎರಂಬರಗೆ, ಸಿಂದರ ರಾಜಧಾನಿ. ಸಿಂದರ ಎರಡನೆಯ ಆಚುಗಿ ತನ್ನ ಒಡೆಯ ವಿಕ್ರಮಾದಿತ್ಯನ ಪರವಾಗಿ ಹೊಯ್ಸಳರನ್ನು ಹಿಂದಕ್ಕಟ್ಟಿದ. ಗೋವೆಯನ್ನು ಹಿಡಿದ ಎಂದೂ ಅವರ ಶಾಸನಗಳು ಹೇಳಿಕೊಳ್ಳುತ್ತವೆ. ಎರೆಹೊಲದ ನಡುವಿನ ಸಾಮಂತನಿಗೆ ಕಡಲತಡಿಯ ಗೋವೆಯ ಮೇಲೇನು ಕಣ್ಣು? ಅರಬ್ಬೀ ಕುದುರೆ ಇಳಿಯುತ್ತಿದ್ದದ್ದು ಪಡುವಣ ಕರಾವಳಿಯ ರೇವುಗಳಲ್ಲಿ. ರೇವು ಯಾರದೋ ಕುದುರೆ ಅವರದು, ಕುದುರೆ ಯಾರದೋ ಯುದ್ಧ ಅವರದು.

ಎರಡು ಹೊಳೆಗಳ ನಡುವಿನ ಈ ಸೀಮೆಗೆ ಇತಿಹಾಸದ ಪುಸ್ತಕಗಳಲ್ಲಿ ರಾಯಚೂರು ದೋಆಬ್ ಎಂಬ ಹೆಸರು ನಿಂತಿದೆ. ಚಾಲುಕ್ಯರು ಚೋಳರು, ಬಹಮನಿಗಳು ವಿಜಯನಗರದವರು, ಆಮೇಲೆ ಆದಿಲಶಾಹಿಗಳು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದುಕೊಂಡ ಯುದ್ಧದವರೆಗೆ ಕಾದಾಟ ನಿಲ್ಲಲೇ ಇಲ್ಲ. 1054ರಲ್ಲಿ ಚೋಳ ರಾಜಾಧಿರಾಜ ಆನೆಯ ಮೇಲೆಯೇ ಸತ್ತ ಕೊಪ್ಪಂ ಯುದ್ಧ ನಡೆದದ್ದು ಕೊಪ್ಪಳದಲ್ಲೇ ಎನ್ನುವವರಿದ್ದಾರೆ. ಕೃಷ್ಣೆಯ ದಂಡೆಯ ಖಿದ್ರಾಪುರದಲ್ಲಿ ಎನ್ನುವವರೂ ಇದ್ದಾರೆ. ಫಲವತ್ತಾದ ನೆಲಕ್ಕಾಗಿ ಈ ಜಗಳ ಎಂದು ಪಠ್ಯಗಳು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಅದು ಅರ್ಧ ಉತ್ತರ. ಬರ ಬಿದ್ದರೆ ಗುಳೆ ಎದ್ದುಹೋಗುವ ನೆಲಕ್ಕೆ ಐನೂರು ವರ್ಷ ಯಾರು ರಕ್ತ ಸುರಿಸುತ್ತಾರೆ? ಚಿನ್ನ, ಕಬ್ಬಿಣ, ಹೊಳೆಯ ಕಡವು, ಪೂರ್ವ ಪಶ್ಚಿಮದ ವರ್ತಕರ ಹಾದಿ ಇವೆಲ್ಲ ಒಂದೇ ಕೈಗೆ ಸಿಗುವ ಜಾಗಕ್ಕಾಗಿಯೇ ದಂಡು ಮತ್ತೆ ಮತ್ತೆ ಬಂತು.

ಕಡವು ಎಂದರೆ ಆನೆಗೊಂದಿ. ಅದಕ್ಕೆ ತುಸು ಮೊದಲು ಕುಮ್ಮಟದುರ್ಗ. ಕಂಪಿಲರಾಯ, ಅವನ ಮಗ ಗಂಡುಗಲಿ ಕುಮಾರರಾಮ ಈ ಗುಂಡುಗಲ್ಲಿನ ಗುಡ್ಡಗಳನ್ನು ನಂಬಿಯೇ ದೆಹಲಿಗೆ ಎದುರು ನಿಂತರು. ದೆಹಲಿಯ ವಿರುದ್ಧ ಬಂಡೆದ್ದು ಓಡಿಬಂದ ಗುರ್ಶಾಸ್ಪನಿಗೆ ಕಂಪಿಲ ಆಶ್ರಯ ಕೊಟ್ಟ ಕಥೆಯನ್ನು ಮೊರೊಕ್ಕೊದ ಇಬ್ನ್ ಬತೂತನೂ ಬರೆದಿದ್ದಾನೆ. 1327ರಲ್ಲಿ ಕುಮ್ಮಟ ಬಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಕಲ್ಲು, ಅದೇ ಹೊಳೆಯನ್ನು ಬೆನ್ನಿಗಿಟ್ಟುಕೊಂಡು ವಿಜಯನಗರ ಎದ್ದಿತು.

1520ರ ಆಸುಪಾಸಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಗೆ ಜನ ದಾಟುವುದನ್ನು ಬೆರಗಿನಿಂದ ನೋಡಿದ. ಬುಟ್ಟಿಯ ಹಾಗೆ ದುಂಡನೆಯ ದೋಣಿ; ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಮಂದಿ ಕೂರುತ್ತಾರೆ, ಬೇಕಾದರೆ ಕುದುರೆ ಎತ್ತುಗಳೂ ಹತ್ತುತ್ತವೆ, ಆದರೆ ಹೆಚ್ಚಾಗಿ ಅವು ಈಜಿಯೇ ದಾಟುತ್ತವೆ ಎಂದು ಬರೆದ. ಹುಟ್ಟು ಹಾಕಿದರೆ ನೇರ ಹೋಗದೆ ಗಿರಗಿರನೆ ತಿರುಗುತ್ತಲೇ ಸಾಗುವ ಆ ಹರಿಗೋಲು ಸಾಣಾಪುರದ ಕೆರೆಯಲ್ಲಿ ಇವತ್ತಿಗೂ ತಿರುಗುತ್ತದೆ, ಪ್ರವಾಸಿಗರು ಕಿರುಚಿಕೊಳ್ಳಲಿ ಎಂದು ಬೇಕೆಂದೇ ತಿರುಗಿಸುತ್ತಾರೆ. ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ಅಷ್ಟೇ ಬದಲಾವಣೆ.

ಹಾಗಾದರೆ ಇಷ್ಟೆಲ್ಲ ಇದ್ದ ಸೀಮೆ ‘ಹಿಂದುಳಿದ’ದ್ದು ಯಾವಾಗ? ಮಣ್ಣು ಕೆಟ್ಟದ್ದಕ್ಕಲ್ಲ. ನಡುಮನೆಯಾಗಿದ್ದದ್ದು ಹಿತ್ತಿಲಾದಾಗ. ಕೊಪ್ಪಳದ ಕೋಟೆಯನ್ನು ಟಿಪ್ಪು 1786ರಲ್ಲಿ ಹಿಡಿದು ಫ್ರೆಂಚ್ ಎಂಜಿನಿಯರುಗಳಿಂದ ಬಲಪಡಿಸಿದ. 1790ರಲ್ಲಿ ಬ್ರಿಟಿಷರು, ನಿಜಾಮರು ಕೂಡಿ ಮುತ್ತಿದರೆ ಕೈಗೆ ಬರಲು ಆರು ತಿಂಗಳಾಯಿತು. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯ ಅದೇ ಕೋಟೆಯಲ್ಲಿ ನಿಂತು ಸತ್ತ. ಅಲ್ಲಿಂದಾಚೆಗೆ ಕೋಟೆಗೆ ಕೆಲಸವಿಲ್ಲ. ಸೀಮೆ ನಿಜಾಮರ ರಾಜ್ಯದ ನೈಋತ್ಯದ ಮೂಲೆ. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರು. ಒಂದು ಕಡೆ ಮುಂಬೈ ಇಲಾಖೆ, ಇನ್ನೊಂದು ಕಡೆ ಮದ್ರಾಸ್ ಇಲಾಖೆ. ಲಕ್ಷ್ಮೇಶ್ವರಕ್ಕೋ ಐಹೊಳೆಗೋ ಹೋಗುವವನು ಬೇರೆ ಆಡಳಿತದ ಸೀಮೆಗೆ ಕಾಲಿಡಬೇಕು. ಕವಿರಾಜಮಾರ್ಗದ ನಾಲ್ಕೂರಿನ ನಾಡು ಹೀಗೆ ತುಂಡಾಯಿತು. 19ನೇ ಶತಮಾನದ ಕೊನೆಗೆ ಗದಗ ಹೊಸಪೇಟೆ ನಡುವೆ ರೈಲು ಬಂದಾಗ ಸರಕು ಸಾಗಿಸುವ ಎತ್ತಿನ ಹಿಂಡುಗಳ ಬದುಕೇ ಮುಗಿಯಿತು. ದಂಡುಗಳಿಗೆ ದವಸ, ಕರಾವಳಿಯಿಂದ ಉಪ್ಪು ಹೊತ್ತು ತರುತ್ತಿದ್ದ ಲಂಬಾಣಿಗರು ತಾಂಡಾ ಕಟ್ಟಿ ಒಣಬೇಸಾಯಕ್ಕೆ ಕೂತರು. ಕುಷ್ಟಗಿ, ಯಲಬುರ್ಗಾದ ತಾಂಡಾಗಳಿಂದ ಇವತ್ತು ಮಂಗಳೂರು, ಗೋವಾ, ಬೆಂಗಳೂರಿಗೆ ಗುಳೆ ಹೊರಡುವ ಬಸ್ಸು ಅದೇ ಹಳೆಯ ಹಾದಿಯಲ್ಲೇ ಓಡುತ್ತದೆ. ಹೇರು ಮಾತ್ರ ಬದಲಾಗಿದೆ. ಈಗ ಹೋಗುವುದು ರಟ್ಟೆ.

1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿ, 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಬಂತು. ಕೊಪ್ಪಳ ಜಿಲ್ಲೆಯಾದದ್ದು 1998ರಲ್ಲಿ. 2013ರಲ್ಲಿ 371(ಜೆ) ವಿಧಿ ಜಾರಿಗೆ ಬಂದು ಹಿಂದುಳಿದಿರುವಿಕೆಗೆ ಸಂವಿಧಾನದ ಮುದ್ರೆಯೂ ಬಿತ್ತು. ಮೀಸಲಾತಿ, ಅನುದಾನ ಬೇಕೇ ಬೇಕು; ಅದನ್ನು ಬೇಡವೆನ್ನುವವರು ಕುಷ್ಟಗಿಯಲ್ಲಿ ಒಂದು ಬೇಸಿಗೆ ಕಳೆದು ನೋಡಲಿ. ಆದರೆ ಅನುದಾನದ ಅರ್ಜಿಗಳಲ್ಲಿ ಬರೆಯುವ ‘ಮೊದಲಿನಿಂದಲೂ ಬರಗಾಲದ ನಾಡು’ ಎಂಬ ಮಾತು ಒಪ್ಪತಕ್ಕದ್ದಲ್ಲ. ಬರ ಇಟಗಿಯ ಕಾಲದಲ್ಲೂ ಇತ್ತು. ಸುಂಕದ ಕಟ್ಟೆ ಆಗ ಊರಲ್ಲಿತ್ತು.

ನೀರು ಬಂದ ಗಂಗಾವತಿಯನ್ನೇ ನೋಡಬಹುದು. ವಿಜಯನಗರದವರು ಹೊಳೆಗೆ ಕಟ್ಟಿದ ಅಣೆಕಟ್ಟುಗಳ ಕಾಲುವೆಗಳು ಆನೆಗೊಂದಿ, ಹುಲಿಗಿ ಕಡೆ ಇನ್ನೂ ಹರಿಯುತ್ತವೆ. 1953ರಿಂದ ತುಂಗಭದ್ರಾ ಎಡದಂಡೆ ಕಾಲುವೆಯೂ ಸೇರಿತು. ಆಂಧ್ರದಿಂದ ಬಂದವರು ಜಾಲಿ ಕಡಿದು ಗದ್ದೆ ಮಾಡಿ ಕೂತ ಊರುಗಳಿಗೆ ‘ಕ್ಯಾಂಪ್’ ಎಂಬ ಹೆಸರೇ ನಿಂತಿತು. ಸೋನಾ ಮಸೂರಿಯ ಚೀಲಗಳು ಗಂಗಾವತಿ, ಕಾರಟಗಿಯ ಮಿಲ್ಲುಗಳಿಂದ ದಿಕ್ಕು ದಿಕ್ಕಿಗೆ ಹೋಗುತ್ತವೆ. ಇಲ್ಲಿ ಸುಂಕದ ಕಟ್ಟೆ ಊರಲ್ಲಿದೆ: ಅಡತಿ ಅಂಗಡಿ, ಮಿಲ್ಲು, ಲಾರಿ ಎಲ್ಲ ಇಲ್ಲಿಯವೇ. ಹಾಗಾಗಿ ಹಳೆಯ ನಾಲ್ಕು ತಾಲ್ಲೂಕುಗಳಲ್ಲಿ ಹಣ ಕಾಣುವುದು ಗಂಗಾವತಿಯಲ್ಲಿ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಿತ್ತು ನೀರು ಹೊಳೆಗೆ ಹರಿದುಹೋದಾಗ, ವಾರದೊಳಗೆ ತಡೆ ಕೂರಿಸುವವರೆಗೆ, ಇಡೀ ಪೇಟೆ ನಿದ್ದೆ ಮಾಡಲಿಲ್ಲ. ಗದ್ದೆಯವರಷ್ಟೇ ಅಡತಿಯವರಿಗೂ ನಿದ್ದೆ ಇರಲಿಲ್ಲ.

ಇದಕ್ಕೆ ವಿರುದ್ಧದ ಚಿತ್ರ ಗಿಣಿಗೇರಾ ಸುತ್ತಿನದು. ಸಂಡೂರಿನ ಅದಿರು, ಹೊಳೆಯ ನೀರು, ರೈಲು ಹಾದಿ ಮೂರೂ ಕೂಡುವ ಜಾಗವೆಂದೇ ಅಲ್ಲಿ ಕಾರ್ಖಾನೆಗಳು ಬಂದವು. ಮೌರ್ಯರು ಬಂದ ಕಾರಣಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ. ಉಕ್ಕು ಹೊರಗೆ ಹೋಗುತ್ತದೆ, ಕಪ್ಪು ಧೂಳು ಹೊಲದ ಹತ್ತಿಯ ಮೇಲೆ ಕೂರುತ್ತದೆ. 2025ರ ಫೆಬ್ರುವರಿಯಲ್ಲಿ ಹೊಸ ಉಕ್ಕಿನ ಕಾರ್ಖಾನೆ ಬೇಡವೆಂದು ಕೊಪ್ಪಳದ ಜನ ಬೀದಿಗಿಳಿದಾಗ ಗವಿಮಠದ ಸ್ವಾಮೀಜಿಯೂ ಜೊತೆಗೆ ನಿಂತರು. ಅಭಿವೃದ್ಧಿಯ ವಿರೋಧಿಗಳು ಎಂದು ಅವರನ್ನು ಜರೆದವರು, ಹೇರಿಗೆ ಇಷ್ಟು ಎಂದು ಊರಿನ ಪಾಲನ್ನು ಕಲ್ಲಿನ ಮೇಲೆ ಕೆತ್ತಿಸುತ್ತಿದ್ದ ಕಾಲದ ಶಾಸನ ಒಂದನ್ನಾದರೂ ಓದಬೇಕಿತ್ತು. 2025ರ ಮೇ ತಿಂಗಳಲ್ಲಿ ಕುಷ್ಟಗಿಗೂ ಮೊದಲ ರೈಲು ಬಂತು. ಗದಗ ವಾಡಿ ಮಾರ್ಗ ಪೂರ್ತಿಯಾದರೆ ಯಲಬುರ್ಗಾ, ಕುಷ್ಟಗಿ ಮತ್ತೆ ಹೆದ್ದಾರಿಯ ಮೇಲಿನ ಊರುಗಳು. ಆ ರೈಲಿನಲ್ಲಿ ಇಲ್ಲಿಂದ ಏನು ಹತ್ತುತ್ತದೆ ಎಂಬ ಲೆಕ್ಕವನ್ನು ಈಗಲೇ ಹಾಕಬೇಕು. ಕುಷ್ಟಗಿಯ ದಾಳಿಂಬೆ ಹತ್ತುತ್ತದೋ, ಕುಷ್ಟಗಿಯ ಹುಡುಗರು ಹತ್ತುತ್ತಾರೋ.

ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ನೇಕಾರಿಕೆಯ ಜೊತೆಗೆ ಇನ್ನೊಂದು ದಂಧೆ ಇದೆ: ಕೂದಲು. ಬಾಚಣಿಕೆಗೆ ಬಂದ ಕೂದಲನ್ನು ಉಂಡೆ ಕಟ್ಟಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟ ಹೆಂಗಸರು, ಓಣಿಗೆ ಬಂದವನಿಗೆ ಅದನ್ನು ಕೊಟ್ಟು ಪಿನ್ನು, ಸೂಜಿ, ಸ್ಟೀಲಿನ ಬಟ್ಟಲು ಪಡೆಯುತ್ತಾರೆ. ಆ ಉಂಡೆಗಳು ಚೀಲ ಚೀಲವಾಗಿ ಭಾಗ್ಯನಗರಕ್ಕೆ ಬರುತ್ತವೆ. ಅಲ್ಲಿ ಬಾಗಿಲ ಬೆಳಕಿಗೆ ಕೂತ ಹೆಂಗಸು ಮಡಿಲಲ್ಲಿ ಉಂಡೆ ಇಟ್ಟುಕೊಂಡು ಮೊನೆಯಿಂದ ಒಂದೊಂದೇ ಎಳೆ ಬಿಡಿಸುತ್ತಾಳೆ. ತೊಳೆದು, ಹಲ್ಲುಗಳ ಹಲಗೆಯ ಮೇಲೆ ಎಳೆದು, ಉದ್ದ ಗಿಡ್ಡ ಬೇರೆ ಮಾಡಿ, ನೂಲಿನಲ್ಲಿ ಕಟ್ಟುತ್ತಾರೆ. ಕಟ್ಟುಗಳು ಚೀನಾದವರೆಗೂ ಹೋಗಿ ಯಾರದೋ ತಲೆಯ ಮೇಲೆ ಕೂರುತ್ತವೆ. ದರ ಇಳಿದ ತಿಂಗಳು ಬಿಡಿಸುವ ಕೆಲಸ ನಿಲ್ಲುತ್ತದೆ. ದರ ಯಾಕೆ ಇಳಿಯಿತೆಂದು ಬಾಗಿಲಲ್ಲಿ ಕೂತವಳನ್ನು ಕೇಳಿದರೆ ಅವಳು ತಲೆ ಎತ್ತದೆ ಹೇಳುತ್ತಾಳೆ: ‘ಯಾರಿಗ್ಗೊತ್ರೀ, ಅಲ್ಲೇ ಹೊರಗ ಏನೋ ಆಗೇತಂತ.’